ಹಳೆಯ ಫಿಲ್ಮ್ ಕ್ಯಾಮೆರಾವನ್ನು ಇಂದು ಬಳಸುವುದು

1976ರಲ್ಲಿ ಮಾರುಕಟ್ಟೆಗೆ ಬಂದ ಪೆಂಟಾಕ್ಸ್ ಕೆ1000 ಕ್ಯಾಮೆರಾವನ್ನು ನಾನು ಇಂದಿಗೂ ಪ್ರೀತಿಯಿಂದ ಬಳಸುತ್ತೇನೆ. ಅದರ ಶಟರ್, ಅಂದರೆ ಫಿಲ್ಮಿನ ಮೇಲೆ ಕ್ಷಣಕಾಲ ಬೆಳಕು ಬೀಳುವಂತೆ ತೆರೆದು ಮುಚ್ಚುವ ಪರದೆ, ಸಂಪೂರ್ಣ ಯಾಂತ್ರಿಕವಾದದ್ದು. ಬ್ಯಾಟರಿ ಬೇಕಾಗುವುದು ಬೆಳಕನ್ನು ಅಳೆಯುವ ಮೀಟರಿಗೆ ಮಾತ್ರ. ಮೀಟರ್ ಕೆಟ್ಟಿದ್ದರೂ, ಪ್ರಖರ ಬಿಸಿಲಿನಲ್ಲಿ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯನ್ನು) ಎಫ್/16 ಎಂಬ ಕಿರಿದಾದ ಅಳತೆಗೆ ಇಟ್ಟು, ಶಟರ್ ವೇಗವನ್ನು ಫಿಲ್ಮಿನ ಐಎಸ್‌ಒ ಸಂಖ್ಯೆಗೆ (ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಹತ್ತಿರವಾಗಿ, ಅಂದರೆ 400ರ ಫಿಲ್ಮಿಗೆ ಸೆಕೆಂಡಿನ 1/500 ಭಾಗಕ್ಕೆ, ಹೊಂದಿಸಿಕೊಂಡರೆ ಚಿತ್ರ ಚೆನ್ನಾಗಿಯೇ ಬರುತ್ತದೆ.

ಇಂತಹ ಕ್ಯಾಮೆರಾ ಕೊಳ್ಳುವವರು ಮೊದಲು ಹಿಂಬದಿಯ ಮುಚ್ಚಳವನ್ನು ತೆರೆದು, ಅಂಚಿನಲ್ಲಿರುವ ಕಪ್ಪು ಫೋಮನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ವರ್ಷಗಳು ಕಳೆದಂತೆ ಅದು ಅಂಟಂಟಾಗಿ ಪುಡಿಯಾಗುತ್ತದೆ. ಆಗ ಬೆಳಕು ಒಳನುಸುಳಿ ಚಿತ್ರಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟಿಗಳು ಮೂಡುತ್ತವೆ. ಫೋಮ್ ಬದಲಿಸುವುದು ಕಷ್ಟವಲ್ಲ, ಆದರೆ ಲೆನ್ಸಿನೊಳಗೆ ಬೂಷ್ಟು ಹಬ್ಬಿದ್ದರೆ ಅಂಥದ್ದನ್ನು ಕೊಳ್ಳದಿರುವುದೇ ಲೇಸು.

ಒಂದು ಸುರುಳಿಯಲ್ಲಿ 36 ಚಿತ್ರಗಳಿಗಷ್ಟೇ ಜಾಗವಿರುವುದರಿಂದ, ಬಟನ್ ಒತ್ತುವ ಮುನ್ನ ನೆರಳು ಎಲ್ಲಿ ಬಿದ್ದಿದೆ, ಮುಖದ ಮೇಲಿನ ಬೆಳಕು ಹೇಗಿದೆ ಎಂದು ಗಮನಿಸುವುದು ತಾನಾಗಿಯೇ ರೂಢಿಯಾಗುತ್ತದೆ. ನನಗೆ ಈ ಹವ್ಯಾಸದಲ್ಲಿ ಅತ್ಯಂತ ಪ್ರಿಯವಾದದ್ದು ಇದೇ. ತೆಗೆದು ಮುಗಿದ ಸುರುಳಿಯನ್ನು ಮಾತ್ರ ಬಿಸಿಯಾದ ಜಾಗದಲ್ಲಿ ಇಡದೆ, ಆದಷ್ಟು ಬೇಗ ಡೆವಲಪ್ ಮಾಡಿಸಬೇಕು.