ಕೋವೆಂಟ್ರಿಯ ಹಂಚಿಕೆ ಮನೆ, ಐದು ಬೀಗ

ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ನಾವು ಕೊಂಡ ಮನೆಯಲ್ಲಿ ರೂಮಿಗೊಂದು ಬೀಗ ಇತ್ತು. ಐದು ರೂಮು, ಐದು ಜನ, ಐದು ಬೇರೆ ಬೇರೆ ಬಾಡಿಗೆ ಕರಾರು. ಅಡುಗೆಮನೆ ಮಾತ್ರ ಒಂದೇ. ಇಂಥದ್ದಕ್ಕೆ ಇಲ್ಲಿ ಎಚ್‌ಎಂಒ (ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಷನ್) ಅನ್ನುತ್ತಾರೆ. ಐದು ಅಥವಾ ಹೆಚ್ಚು ಜನ ಇದ್ದರೆ ಕೌನ್ಸಿಲ್‌ನಿಂದ ಲೈಸೆನ್ಸ್ ಬೇಕೇ ಬೇಕು. ಯೂನಿವರ್ಸಿಟಿ ಇರುವ ಊರುಗಳಲ್ಲಿ ಇವು ಜಾಸ್ತಿ.

ನಮಗೆ ಬೇಕಿದ್ದದ್ದು ನಾವೇ ಇರುವುದಕ್ಕೆ ಮನೆ. ಸಾಲ ಕೊಡುವ ಬ್ಯಾಂಕ್ ಹೇಳಿದ್ದೂ ಅಷ್ಟೇ: ಕೀಲಿ ಕೈಗೆ ಬರುವ ದಿನ ಒಳಗೆ ಯಾರೂ ಇರಬಾರದು. "ಅಷ್ಟೊತ್ತಿಗೆ ಎಲ್ಲರೂ ಹೋಗಿರುತ್ತಾರೆ, ಚಿಂತೆ ಬೇಡ" ಎಂದ ಏಜೆಂಟ್. ಅವನಿಗೆ ಕಮಿಷನ್ ಕೊಡುವವನು ಮಾರುವವನು, ನಾವಲ್ಲ.

ಇಲ್ಲಿ ಮಾಲೀಕ ಬದಲಾದರೆ ಬಾಡಿಗೆದಾರರ ಹಕ್ಕು ಹೋಗುವುದಿಲ್ಲ. ಅವರು ಇರುವಾಗಲೇ ಮನೆ ನಿಮ್ಮ ಹೆಸರಿಗೆ ಬಂದರೆ ನೀವೇ ಅವರ ಮಾಲೀಕರು. ನೋಟಿಸಿನ ಅವಧಿ ಮುಗಿಯಿತು ಅಂದರೆ ಅವರು ಹೊರಡಬೇಕು ಅಂತಲೂ ಅಲ್ಲ. ಕೋರ್ಟ್ ಆದೇಶ ಬೇಕು, ಆಮೇಲೆ ಅದನ್ನು ಜಾರಿ ಮಾಡುವ ಬೇಲಿಫ್ ಬರಬೇಕು. ತಿಂಗಳುಗಟ್ಟಲೆ ಎಳೆಯಬಹುದು. ಸುಮ್ನೆ ಬೀಗ ಬದಲಾಯಿಸಿಬಿಟ್ಟರೆ 1977ರ ಕಾನೂನಿನ ಪ್ರಕಾರ ಅದು ಅಪರಾಧ. ಐದು ಕರಾರು ಇದ್ದರೆ ಐದೂ ಮುಗಿಯಬೇಕು. ನಾಲ್ಕು ಜನ ಹೋಗಿ ಒಬ್ಬರು ಉಳಿದರೂ ಮನೆ ಖಾಲಿ ಅಲ್ಲ.

ನಾವು ಕೊಳ್ಳುವಾಗ ಬಾಡಿಗೆ ಕಾನೂನಿನಲ್ಲಿ ಸೆಕ್ಷನ್ 21 ಇತ್ತು. ಕಾರಣ ಹೇಳದೆ ಎರಡು ತಿಂಗಳ ನೋಟಿಸ್ ಕೊಡಬಹುದಿತ್ತು. 2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಅದಿಲ್ಲ. ಈಗ ಮಾರುತ್ತೇನೆ ಎಂಬ ಕಾರಣ ಕೊಟ್ಟು ನಾಲ್ಕು ತಿಂಗಳ ನೋಟಿಸ್ ಕೊಡಬೇಕು. ಬಾಡಿಗೆ ಶುರುವಾದ ಮೊದಲ ವರ್ಷದೊಳಗೆ ಆ ಕಾರಣಕ್ಕೆ ಬಿಡಿಸುವ ಹಾಗಿಲ್ಲ. ಹಾಗಾಗಿ ಬೆಲೆ ಮಾತಾಡುವ ಮೊದಲೇ ಯಾವ ರೂಮಿನವರು ಯಾವಾಗ ಬಂದರು ಎಂದು ಕೇಳಿ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕಾನೂನು ಬೇರೆ.

ಜಗ್ಗಾಟ ನಡೆದದ್ದು ಎಕ್ಸ್‌ಚೇಂಜ್ ವಿಷಯಕ್ಕೆ. ಅಂದರೆ ಮಾರಾಟದ ಕರಾರು ವಿನಿಮಯವಾಗಿ, ಸಾಮಾನ್ಯವಾಗಿ ಬೆಲೆಯ ಶೇ 10 ಕಟ್ಟಿದ ಮೇಲೆ ಇಬ್ಬರೂ ಹಿಂದೆ ಸರಿಯುವ ಹಾಗಿಲ್ಲ. ಮಾರುವವನಿಗೆ ಅದು ಮೊದಲು ಆಗಬೇಕು, ಆಮೇಲೆ ಬಾಡಿಗೆದಾರರನ್ನು ಬಿಡಿಸುವುದು. ಅವನ ಲೆಕ್ಕ ಅವನಿಗೆ ಸರಿ: ನಾವು ಕೈಕೊಟ್ಟರೆ ಬಾಡಿಗೆಯೂ ಹೋಯಿತು, ಗಿರಾಕಿಯೂ ಹೋದ. ನಮ್ಮ ವಕೀಲರು, ಅಂದರೆ ಸಾಲಿಸಿಟರ್, ಮಾತ್ರ ಮನೆ ಖಾಲಿಯಾಗದೆ ಸಹಿ ಇಲ್ಲ ಎಂದು ಕೂತರು. ನಾನೂ ಅದೇ ಹೇಳುತ್ತೇನೆ. ಎಕ್ಸ್‌ಚೇಂಜ್ ಆದ ಮೇಲೆ ಅವನು ಮಾತು ತಪ್ಪಿದರೆ ಪರಿಹಾರ ಕೇಳಬಹುದು, ನಿಜ. ಆದರೆ ಅಷ್ಟರಲ್ಲಿ ನಿಮ್ಮ ಬಾಡಿಗೆ ಮನೆ ಬಿಟ್ಟಾಗಿರುತ್ತದೆ, ಸಾಮಾನು ವ್ಯಾನಿನಲ್ಲಿರುತ್ತದೆ. ಪರಿಹಾರದ ಕಾಗದದ ಕೆಳಗೆ ಮಲಗೋಕಾಗುತ್ತಾ?

ಆ ಐದು ಜನರ ಬಗ್ಗೆ ಕೆಟ್ಟದ್ದು ಹೇಳಲಾರೆ. ಒಬ್ಬರು ನೈಟ್ ಶಿಫ್ಟಿನ ನರ್ಸ್. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ಇಂಥದ್ದೇ ರೂಮಿನಲ್ಲಿ ಇದ್ದವನು. ಒಬ್ಬರಿಗೆ ಹೊಸ ಮನೆಯ ಡೆಪಾಸಿಟ್‌ಗೆ ಮಾಲೀಕನೇ ಸ್ವಲ್ಪ ದುಡ್ಡು ಕೊಟ್ಟ. ಕೋರ್ಟಿಗಿಂತ ಬೇಗ ಕೆಲಸ ಆಯಿತು.

ಜನ ಹೋದರೆ ಸಾಲದು, ಸಾಮಾನೂ ಹೋಗಬೇಕು. 1946ರಲ್ಲಿ ಇಲ್ಲಿನ ಒಂದು ಕೇಸಿನಲ್ಲಿ ನೆಲಮಾಳಿಗೆಯಲ್ಲಿ ಗಟ್ಟಿಯಾಗಿಹೋದ ಸಿಮೆಂಟ್ ಚೀಲಗಳನ್ನು ಬಿಟ್ಟು ಹೋಗಿದ್ದರು. ಇದು ಜಾಗ ಖಾಲಿ ಮಾಡಿಕೊಟ್ಟ ಹಾಗಲ್ಲ ಎಂದಿತು ಕೋರ್ಟು. ನಮ್ಮ ಮನೆಯಲ್ಲಿ ಅಷ್ಟಿರಲಿಲ್ಲ. ಆದರೆ ಸಹಿಗೆ ಮೊದಲು ಹೋಗಿ ರೂಮು ರೂಮು ತೆರೆಸಿ ನೋಡಿದರೆ, ಹಿಂದಿನ ರೂಮಿನಲ್ಲಿ ಸೂಟ್‌ಕೇಸ್, ಒದ್ದೆ ಟವೆಲ್! ಬಾಡಿಗೆದಾರ ಹೋಗಿದ್ದ, ಅವನ ಗೆಳೆಯ ಉಳಿದುಕೊಂಡಿದ್ದ. ಮಾಲೀಕನಿಗೇ ಗೊತ್ತಿರಲಿಲ್ಲವಂತೆ. ಸಹಿ ಮುಂದಕ್ಕೆ ಹೋಯಿತು. ಆ ಗೆಳೆಯ ಹೊರಟ ಮೇಲೆ ಮತ್ತೆ ಹೋಗಿ ನೋಡಿಕೊಂಡು ಬಂದೆವು. ಎಕ್ಸ್‌ಚೇಂಜ್, ಹಸ್ತಾಂತರ ಎರಡೂ ಒಂದೇ ದಿನ ಮುಗಿಸಿದೆವು.