ಟೆಕ್ಸಸ್ ಫ್ಲಡ್ ಕಲಿಕೆ: ಏಳನೇ ವಾರ, ಎಂಟು ಬಾರ್

ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್‌ನ ‘ಟೆಕ್ಸಸ್ ಫ್ಲಡ್’ ಆಲ್ಬಂ ಅನ್ನು ಗಿಟಾರ್‌ನಲ್ಲಿ ಕಲಿಯುತ್ತಿದ್ದೇನೆ. ಈ ವಾರ ಕೈಗೆ ಸಿಕ್ಕಿದ್ದು ಅದರ ‘ಪ್ರೈಡ್ ಅಂಡ್ ಜಾಯ್’ ಹಾಡಿನ ಎಂಟೇ ಬಾರ್ (ತಾಳದ ಆವರ್ತ).

ಹೋದ ವಾರ ಹಠಕ್ಕೆ ಬಿದ್ದು ದಪ್ಪನೆಯ 13ರ ತಂತಿ ಹಾಕಿದ್ದೆ. ಸ್ಟೀವಿ ರೇ ವಾನ್ ಅಂಥದ್ದನ್ನೇ ಹಾಕುತ್ತಿದ್ದ, ಅಲ್ವಾ? ಅವನ ಹಾಗೇ ಅರ್ಧ ಸ್ವರ ಕೆಳಗಿಳಿಸಿ ಶ್ರುತಿ ಮಾಡಿಕೊಂಡರೂ ಮೂರನೇ ದಿನ ಉಂಗುರ ಬೆರಳಿನ ತುದಿ ಸೀಳಿತು. ಪಾತ್ರೆ ತೊಳೆಯುವಾಗ ಜೀವ ಹೋದಂತಾಯಿತು. ಅವನು ಸೂಪರ್ ಗ್ಲೂ ಹಚ್ಚಿಕೊಂಡು ನುಡಿಸುತ್ತಿದ್ದನಂತೆ. ನಾನು ಸುಮ್ನೆ ತೆಳುವಾದ 11ಕ್ಕೆ ವಾಪಸ್ ಬಂದೆ.

ಆದರೆ ಕಷ್ಟ ಎಡಗೈಯದ್ದಲ್ಲ, ಬಲಗೈಯದ್ದು. ಇದು ಷಫಲ್ ಎಂಬ ಲಯ. ತಾಳದ ಪ್ರತಿ ಪೆಟ್ಟಿನಲ್ಲೂ ಮೂರು ಪಾಲು. ಕೊನೆಗೆ ‘ತಕಿಟ ತಕಿಟ’ ಎಂದು ಬಾಯಲ್ಲಿ ಹೇಳಿಕೊಂಡೆ. ‘ತ’ಗೆ ಪಿಕ್ (ತಂತಿ ಮೀಟುವ ಬಿಲ್ಲೆ) ಕೆಳಕ್ಕೆ, ಬೇಸ್ ತಂತಿ. ‘ಕಿ’ ಖಾಲಿ. ‘ಟ’ಗೆ ಪಿಕ್ ಮೇಲಕ್ಕೆ, ಸಣ್ಣ ತಂತಿಗಳ ಮೇಲೊಂದು ಚಟ್. ಮೆಟ್ರೊನೋಮ್ (ತಾಳಯಂತ್ರ) ನಿಮಿಷಕ್ಕೆ 90 ಪೆಟ್ಟು ಹಾಕಿದರೆ ಬರುತ್ತಿದೆ. 110ಕ್ಕೆ ಏರಿಸಿದರೆ ‘ಟ’ ಬೇಗ ಬಿದ್ದು ಕುಂಟುತ್ತದೆ. ಮೂಲ ಹಾಡು 120ರ ಮೇಲಿದೆ.

ಈ ಆಲ್ಬಂ ಹುಟ್ಟಿದ್ದೇ ಒಂದು ಅವಮಾನದ ಬೆನ್ನಿಗೆ. 1982ರಲ್ಲಿ ಸ್ವಿಟ್ಜರ್ಲೆಂಡ್‌ನ ಮಾಂಟ್ರೋ ಸಂಗೀತ ಉತ್ಸವದಲ್ಲಿ ವಾನ್ ನುಡಿಸುವಾಗ ಕೆಲವರು ಕೂಗಿ ಗದ್ದಲ ಮಾಡಿದರು. ಅಲ್ಲೇ ಅವನ ಗಿಟಾರ್ ಕೇಳಿದ ಅಮೆರಿಕದ ಗಾಯಕ ಜಾಕ್ಸನ್ ಬ್ರೌನ್ ಲಾಸ್ ಏಂಜಲೀಸ್‌ನ ತನ್ನ ಸ್ಟುಡಿಯೊವನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟ. ನವೆಂಬರ್‌ನಲ್ಲಿ ಮೂರೇ ದಿನ. ವಾನ್ ಮತ್ತು ಅವನ ತಂಡ ಹೆಚ್ಚುಕಮ್ಮಿ ವೇದಿಕೆಯಲ್ಲಿ ನುಡಿಸಿದ ಹಾಗೇ ನುಡಿಸಿದರು. ಡೆಮೊ (ಮಾದರಿ ರೆಕಾರ್ಡಿಂಗ್) ಅಂದುಕೊಂಡಿದ್ದೇ ಆಲ್ಬಂ ಆಯಿತು.

1983ರ ಜೂನ್‌ನಲ್ಲಿ ಅದು ಬಂದಾಗ ಎಲ್ಲ ವಿಮರ್ಶಕರೂ ಕರಗಲಿಲ್ಲ. ಕೈ ಚುರುಕಾಗಿದೆ, ಆದರೆ ಇವನದೇ ಶೈಲಿ ಎಲ್ಲಿದೆ ಎಂದು ಕೇಳಿದವರಿದ್ದರು. ಪೂರ್ತಿ ತಪ್ಪೂ ಅಲ್ಲ. ಹತ್ತರಲ್ಲಿ ನಾಲ್ಕು ಬೇರೆಯವರ ಹಾಡು. ಶೀರ್ಷಿಕೆಯ ಹಾಡೇ ಬ್ಲೂಸ್ ಗಾಯಕ ಲ್ಯಾರಿ ಡೇವಿಸ್ 1958ರಲ್ಲಿ ಹಾಡಿದ್ದು. ತಂತಿ ಎಳೆಯುವ ರೀತಿ ಹಿರಿಯ ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್‌ನದ್ದು. ಆದರೆ ಗಿಟಾರ್ ಹಿಡಿದವರಿಗೆ ಬೇರೆಯದೇ ಕೇಳಿಸಿರಬೇಕು. ‘ಗಿಟಾರ್ ಪ್ಲೇಯರ್’ ಪತ್ರಿಕೆಯ ಓದುಗರು ಆ ವರ್ಷದ ಅತ್ಯುತ್ತಮ ಗಿಟಾರ್ ಆಲ್ಬಂ ಎಂದು ಇದನ್ನೇ ಆರಿಸಿದರು. ಎರಡು ಗ್ರ್ಯಾಮಿ ನಾಮನಿರ್ದೇಶನವೂ ಬಂತು.

ಏಳು ವಾರದ ಹಿಂದೆ ನಾನೂ ವಿಮರ್ಶಕರ ಪಕ್ಷವೇ. ಈಗ ಆ ‘ಟ’ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎಳೆತಗಳನ್ನು ಕದಿಯಬಹುದು, ಆ ಮಣಿಕಟ್ಟನ್ನು ಎಲ್ಲಿಂದ ತರುವುದು?

ನಿನ್ನೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಆರನೇ ಬಾರ್‌ವರೆಗೆ ಪರವಾಗಿಲ್ಲ. ಏಳರಲ್ಲಿ ಕುಕ್ಕರ್ ಕೂಗಿತು. ಅದರ ತಾಳವೇ ನನ್ನದಕ್ಕಿಂತ ನೆಟ್ಟಗಿತ್ತು.