ಬೀಗ ತೆಗಿ, ಹತ್ತು, ಹೊರಡು

ತಂಗಿ ಕೆಲಸಕ್ಕೆ ಸೈಕಲ್ಲಲ್ಲೇ ಹೋಗೋಕೆ ಶುರು ಮಾಡಿ ಸ್ವಲ್ಪ ದಿನ ಆಗಿತ್ತು, ಒಂದಿನ ಫೋನ್ ಮಾಡಿ "ಅಣ್ಣಾ, ಇದು ನನ್ ಕೈಲಿ ಆಗಲ್ಲ, ನಾನು ಬಸ್ಸಿಗೇ ಹೋಗ್ತೀನಿ" ಅಂದ್ಳು. ದೂರ ಜಾಸ್ತಿ ಆಯ್ತಾ ಅಂದ್ರೆ ಅಲ್ವಂತೆ, ತುಳಿಯೋಕೆ ಕಷ್ಟಾನಾ ಅಂದ್ರೆ ಅದೂ ಅಲ್ವಂತೆ. ಹೊರಡೋ ಮುಂಚೆ ಪ್ಯಾಂಟ್ ಕಾಲಿಗೆ ಪಟ್ಟಿ ಕಟ್ಕೋಬೇಕು, ಲೈಟ್ ಎಲ್ಲಿಟ್ಟೆ ಅಂತ ಹುಡುಕ್ಬೇಕು, ಸಿಕ್ಕಿದ್ಮೇಲೆ ಚಾರ್ಜ್ ಇದ್ಯಾ ನೋಡ್ಬೇಕು, ಟೈರ್ ಒತ್ತಿ ನೋಡ್ಬೇಕು, ಮಳೆ ಬಂದಿದ್ರೆ ಇನ್ನೊಂದು ಜೊತೆ ಬಟ್ಟೆ ಬ್ಯಾಗಿಗೆ ತುರುಕ್ಬೇಕು, ಆ ಬ್ಯಾಗನ್ನ ಬೆನ್ನಿಗೆ ಏರಿಸ್ಕೊಂಡ್ರೆ ಮುಟ್ಟೋಷ್ಟರಲ್ಲಿ ಬೆನ್ನೆಲ್ಲ ಬೆವರು. "ಬೀಗ ತೆಗಿ, ಹತ್ತು, ಹೊರಡು, ಅಷ್ಟಿದ್ರೆ ಮಾತ್ರ ನಂಗೆ ಸೈಕಲ್ಲು, ಇಲ್ಲಾಂದ್ರೆ ನೀನೇ ತಗೊಂಡ್ಹೋಗು."

ಸೈಕಲ್ ಹುಚ್ಚಿರೋ ನಮ್ಮಂಥವರು ಯಾವ ಬೋಲ್ಟು ಬದಲಾಯಿಸಿದ್ರೆ ಎಷ್ಟು ಗ್ರಾಂ ಇಳೀತು ಅಂತ ಲೆಕ್ಕ ಹಾಕ್ತಾ ಕೂರ್ತೀವಿ. ಇವಳ ಲೆಕ್ಕಾನೇ ಬೇರೆ, ಮತ್ತೆ ದಿನಾ ಓಡಾಡೋ ಸೈಕಲ್ಲಿಗೆ ಇವಳ ಲೆಕ್ಕಾನೇ ಸರಿ ಅಂತ ನಂಗೆ ಅವತ್ತೇ ಅನ್ನಿಸ್ತು. ಬೆಳಗ್ಗೆ ಸವಾರ ಮಾಡೋ ಕೆಲಸವನ್ನೆಲ್ಲ ಒಂದೊಂದಾಗಿ ಸೈಕಲ್ಲಿಗೇ ವಹಿಸಿಬಿಡ್ಬೇಕು, ತೂಕ ಜಾಸ್ತಿ ಆದ್ರೆ ಆಗ್ಲಿ. ಅಳತೆ ಎಲ್ಲ ಫೋನಲ್ಲೇ ಕೇಳ್ಕೊಂಡು ಸಾಮಾನು ತರಿಸಿಟ್ಕೊಂಡು, ಒಂದು ರಜೆ ದಿನ ಪಾನಾ, ಅಲೆನ್ ಕೀ, ಕೇಬಲ್ ಕಟ್ಟರ್ ಎಲ್ಲ ಹೊತ್ಕೊಂಡು ಅವಳ ಮನೆಗೆ ಹೋದೆ.

ಸೈಕಲ್ಲು ಹಳೇ ಮೌಂಟನ್ ಬೈಕು, ಸ್ಟೀಲ್ ಫ್ರೇಮು, 26 ಇಂಚಿನ ಚಕ್ರ, ಮುಂದೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕು. ಮಾರೋಕೆ ಹೋದ್ರೆ ಯಾರೂ ಮೂಸಿ ನೋಡಲ್ಲ, ಆದ್ರೆ ದಿನಾ ಕೆಲಸಕ್ಕೆ ಓಡಾಡೋ ಸೈಕಲ್ ಮಾಡೋಕೆ ಇದಕ್ಕಿಂತ ಒಳ್ಳೇ ಗಿರಾಕಿ ಸಿಗೋದು ಕಷ್ಟ. ದಪ್ಪ ಟೈರಿಗೆ ಜಾಗ ಇದೆ, ಮಡ್‌ಗಾರ್ಡ್ ಕ್ಯಾರಿಯರ್ ಕೂರಿಸೋಕೆ ಆಕ್ಸಲ್ ಹತ್ರ 5 ಎಂಎಂ ಬೋಲ್ಟಿನ ತೂತುಗಳಿವೆ. ಹೊಸಾ ಸೈಕಲ್ ತಗೊಳ್ಳೋರು ಬಣ್ಣ ನೋಡೋಕೆ ಮುಂಚೆ ಈ ತೂತು ಇದ್ಯಾ ನೋಡ್ರಪ್ಪ, ಆಮೇಲೆ ಕ್ಲಿಪ್ಪು ಪಟ್ಟಿ ಹಾಕಿ ಒದ್ದಾಡೋದು ತಪ್ಪತ್ತೆ.

ಮೊದ್ಲು ಟೈರು. ಇದ್ದಿದ್ದು ಗುಬಟು ಗುಬಟಾಗಿರೋ ಮಣ್ಣಿನ ಟೈರು, ಟಾರ್ ರಸ್ತೇಲಿ ಜೇನುಹುಳದ ಥರ ಗುಂಯ್ ಅನ್ನತ್ತೆ, ಆ ರಬ್ಬರ್ ಗುಬಟುಗಳು ಒಂದೊಂದೂ ಬಗ್ಗಿ ಬಗ್ಗಿ ಏಳೋದ್ರಲ್ಲೇ ತುಳಿದ ಶಕ್ತಿ ಹೋಗತ್ತೆ. ನುಣ್ಣಗಿರೋ, ಒಳಗೆ ಪಂಚರ್ ತಡೆಯೋ ಪದರ ಇರೋ 47 ಎಂಎಂ ಅಗಲದ್ದು ತರಿಸಿದ್ದೆ. ಇಲ್ಲೊಂದು ವಿಷ್ಯ, 26 ಇಂಚು ಅಂತ ಹೆಸರು ಒಂದೇ ಇದ್ರೂ ರಿಮ್ಮಿನ ಅಳತೆ ಬೇರೆ ಬೇರೆ ಇರತ್ತೆ. ಮೌಂಟನ್ ಬೈಕಿನ 26 ಅಂದ್ರೆ ಟೈರ್ ಕೂರೋ ಜಾಗದ ವ್ಯಾಸ 559 ಎಂಎಂ, ಹಳೇ ಮೂರು ಗೇರಿನ ಸೈಕಲ್ಲುಗಳ 26 ಇಂಚು ಒಂದು ಮೂರೆಂಟಾಂಶ ಅಂತಾರಲ್ಲ ಅದು 590. ಒಂದರದ್ದು ಇನ್ನೊಂದಕ್ಕೆ ಜಪ್ಪಯ್ಯ ಅಂದ್ರೂ ಕೂರಲ್ಲ. ಅದಕ್ಕೇ ಇಂಚು ಮರೆತು ಟೈರ್ ಪಕ್ಕದಲ್ಲಿ 47-559 ಅಂತ ಅಚ್ಚಾಗಿರೋ ನಂಬರ್ ನೋಡಿ ತಗೋಬೇಕು.

ಗಾಳಿ ಹೊಡೆಯೋವಾಗ ಇವಳದ್ದು ತಕರಾರು, "ಕಲ್ಲಿನ ಥರ ಗಟ್ಟಿ ಇರ್ಲಿ, ಆಗ ಹಗುರಾಗಿ ಹೋಗತ್ತೆ". ಟೈರ್ ಮೇಲೆ ಗಾಳಿ ಒತ್ತಡದ ನಂಬರ್ ಬರೆದಿರೋದು ಅದಕ್ಕಿಂತ ಮೇಲೆ ಹೋಗ್ಬೇಡ ಅಂತ, ಅಷ್ಟೇ ಹಾಕು ಅಂತಲ್ಲ ಕಣೇ ಅಂದೆ. ಇವಳ ತೂಕಕ್ಕೆ ಈ ಅಗಲದ ಟೈರಿಗೆ ಹಿಂದೆ 40 ಪಿಎಸ್‌ಐ (ಪಂಪಲ್ಲಿ ತೋರಿಸೋ ಗಾಳಿ ಒತ್ತಡದ ಅಳತೆ), ಮುಂದೆ 35 ಸಾಕು, ಭಾರ ಜಾಸ್ತಿ ಬೀಳೋದು ಹಿಂದಿನ ಚಕ್ರದ ಮೇಲೆ ತಾನೆ. ತೀರಾ ಗಟ್ಟಿ ಮಾಡಿದ್ರೆ ಒರಟು ರಸ್ತೇಲಿ ಸೈಕಲ್ಲೂ ಕುಣಿಯತ್ತೆ ಸವಾರನೂ ಕುಣಿತಾನೆ, ಆ ಕುಣಿತಕ್ಕೆ ಹೋಗೋದೂ ತುಳಿದ ಶಕ್ತೀನೇ. ಅದಲ್ಲದೆ ಸಣ್ಣ ಟೈರಲ್ಲಿ ಸ್ವಲ್ಪ ಗಾಳಿ ಇಳಿದ್ರೂ ರಿಮ್ಮಿಗೆ ಬಡಿಯತ್ತೆ, ದಪ್ಪ ಟೈರು ಅಷ್ಟಕ್ಕೆಲ್ಲ ತಲೆ ಕೆಡಿಸ್ಕೊಳ್ಳಲ್ಲ. ಅಂದ್ರೆ ದಿನಾ ಬೆಳಗ್ಗೆ ಒತ್ತಿ ನೋಡೋ ಕೆಲಸ ಹೋಯ್ತು, ಎರಡು ವಾರಕ್ಕೊಂದ್ಸಲ ನೋಡಿದ್ರೆ ಸಾಕು.

ಆಮೇಲೆ ಹ್ಯಾಂಡಲ್ಲು ಸೀಟು. ಇವೆರಡನ್ನ ಬೇರೆ ಬೇರೆ ಅಂತ ನೋಡೋದೇ ತಪ್ಪು. ಅವಳಿಗೆ ಅಂಗೈ ಜೋಮು ಹಿಡಿಯೋದು, ಕತ್ತು ನೋವು. ನೆಟ್ಟಗಿರೋ ಹ್ಯಾಂಡಲ್ ದೂರದಲ್ಲಿದೆ, ಮುಂದಕ್ಕೆ ಬಗ್ಗಿ ಮೈಭಾರ ಕೈ ಮೇಲೆ ಬಿಟ್ಟಿರ್ತಾಳೆ. ಅದಕ್ಕೆ ಹಿಂದಕ್ಕೆ ಬಾಗಿರೋ ಹ್ಯಾಂಡಲ್ ತಂದಿದ್ದೆ. ಅನುಕೂಲ ಏನಂದ್ರೆ ಈ ಥರದ್ದಕ್ಕೂ ನೆಟ್ಟಗಿರೋದಕ್ಕೂ ಹಿಡಿ ಕೂರೋ ಕೊಳವೆ ದಪ್ಪ ಒಂದೇ, 22.2 ಎಂಎಂ, ಹಳೇ ಬ್ರೇಕ್ ಲಿವರ್ರು ಗೇರ್ ಶಿಫ್ಟರ್ರು ಎಲ್ಲ ಹಾಗೇ ಕಳಚಿ ಇದಕ್ಕೆ ತೂರಿಸ್ಬೋದು. ಅದೇ ರೇಸ್ ಸೈಕಲ್ಲಿನ ಕೆಳಕ್ಕೆ ಬಾಗಿದ ಹ್ಯಾಂಡಲ್ ಹಾಕೋಕೆ ಹೋಗಿದ್ರೆ ಕೊಳವೆ 23.8, ಲಿವರ್ ಹೊಸದು, ಇವಳ ಸೈಕಲ್ಲಿನ ವಿ ಬ್ರೇಕಿಗೆ (ಎರಡು ಉದ್ದ ತೋಳು ರಿಮ್ಮನ್ನ ಎರಡೂ ಕಡೆಯಿಂದ ಒತ್ತೋದು) ಬೇಕಾದಷ್ಟು ಕೇಬಲ್ಲನ್ನ ಮಾಮೂಲಿ ರೇಸ್ ಲಿವರ್ ಎಳೆಯಲ್ಲ ಅಂತ ಅದಕ್ಕೊಂದು ಉಪಾಯ, ಹೀಗೆ ಒಂದರ ಬಾಲ ಹಿಡ್ಕೊಂಡು ಇನ್ನೊಂದು ಬರ್ತಾ ಇರತ್ತೆ.

ಹ್ಯಾಂಡಲ್ಲನ್ನ ಫೋರ್ಕಿಗೆ ಸೇರಿಸೋ ಸ್ಟೆಮ್ಮನ್ನ ಮೇಲಕ್ಕೆ ಎತ್ತಿದೆ, ಹಳೇ ಮಾದರಿ ಸ್ಟೆಮ್ಮು, ಫೋರ್ಕಿನ ಕೊಳವೆ ಒಳಗೆ ಇಳಿಯೋದು. ಅದರ ಮೈಮೇಲೆ ಒಂದು ಗೆರೆ ಕೊರೆದಿರ್ತಾರೆ, ಆ ಗೆರೆ ಹೊರಗೆ ಕಾಣೋ ಹಾಗೆ ಎತ್ತಬಾರದು, ಎತ್ತಿದ್ರೆ ಒಳಗೆ ಹಿಡಿತ ಸಾಲದೆ ಒಂದಿನ ಹ್ಯಾಂಡಲ್ ಕೈಗೇ ಬರತ್ತೆ. ಎತ್ತಿದ್ಮೇಲೆ ಕೇಬಲ್ ಗಿಡ್ಡ ಆಗ್ಲೇಬೇಕು, ಆಯ್ತು. ತಂಗಿ ಮೂಲೇಲಿದ್ದ ಒಂದು ತುಂಡು ಕೇಬಲ್ ಕವಚ ತಂದು "ಇದನ್ನೇ ಬ್ರೇಕಿಗೆ ಹಾಕು, ಉದ್ದ ಸರಿ ಇದೆಯಲ್ಲ" ಅಂದ್ಳು. ತುದಿ ನೋಡಿದ್ರೆ ತಂತಿಗಳು ಉದ್ದುದ್ದಕ್ಕೆ ಇವೆ, ಅಂದ್ರೆ ಗೇರಿನದ್ದು. ಬ್ರೇಕಿನ ಕವಚದಲ್ಲಿ ತಂತಿ ಸುರುಳಿ ಸುತ್ತಿರತ್ತೆ, ಜೋರಾಗಿ ಬ್ರೇಕ್ ಹಿಡಿದಾಗ ಆ ಒತ್ತಡ ತಡಿಯತ್ತೆ. ಗೇರಿನ ಕವಚ ಬ್ರೇಕಿಗೆ ಹಾಕಿದ್ರೆ ಗಟ್ಟಿ ಹಿಡಿದ ಹೊತ್ತಲ್ಲೇ ಸಿಡಿದು ಹೋಗ್ಬೋದು, ಅಂದ್ರೆ ಬ್ರೇಕ್ ಬೇಕೇ ಬೇಕು ಅನ್ನೋ ಗಳಿಗೇಲೇ ಬ್ರೇಕ್ ಇರಲ್ಲ. ಸೈಕಲ್ಲಲ್ಲಿ ಸುಮಾರು ವಿಷಯಕ್ಕೆ ನಡೀಲಿ ಬಿಡು ಅಂತೀನಿ, ಇದೊಂದಕ್ಕೆ ಇಲ್ಲ.

ನೆಟ್ಟಗೆ ಕೂತ್ರೆ ಕೈ ಮೇಲಿನ ಭಾರ ಎಲ್ಲಿ ಹೋಗತ್ತೆ, ಸೀಟಿನ ಮೇಲೇ ತಾನೇ. ಬಗ್ಗಿ ಓಡಿಸೋರಿಗೆ ಮಾಡಿದ ಸಣ್ಣ ಸೀಟು ಆಗ ಒತ್ತೋಕೆ ಶುರು ಮಾಡತ್ತೆ, ಅದಕ್ಕೆ ಹ್ಯಾಂಡಲ್ ಜೊತೆ ಸೀಟೂ ಬದಲಾಗ್ಬೇಕು, ಕೂರೋ ಎಲುಬು ಎರಡೂ ಸರಿಯಾಗಿ ಅದರ ಮೇಲೆ ಬರೋವಷ್ಟು ಅಗಲದ್ದು. ತೀರಾ ಮೆತ್ತಗಿರೋದು ಬೇಡ ಅಂದೆ, ಅಂಗಡೀಲಿ ಕೂತಾಗ ಸುಖ, ಅರ್ಧ ಗಂಟೆ ಆದ್ಮೇಲೆ ಎಲುಬು ಒಳಗೆ ಹೂತು ಸುತ್ತಲಿನ ಸ್ಪಂಜು ಎಲ್ಲೆಲ್ಲೋ ಒತ್ತತ್ತೆ. ಎತ್ತರಕ್ಕೆ ನಾನು ಮಾಡೋದು ಸರಳ, ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗ್ಬೇಕು, ಆಗ ಪಾದದ ಮುಂಭಾಗದಿಂದ ತುಳಿಯೋವಾಗ ಮಂಡಿ ತಾನಾಗೇ ಬೇಕಾದಷ್ಟು ಬಾಗಿರತ್ತೆ.

"ಇಷ್ಟೆತ್ತರ ಆದ್ರೆ ಸಿಗ್ನಲಲ್ಲಿ ನನ್ ಕಾಲು ನೆಲಕ್ಕೆ ಎಟಕಲ್ಲ."

"ಎಟಕಬಾರದು ಕಣೇ, ನಿಲ್ಲಿಸೋವಾಗ ಸೀಟಿಂದ ಮುಂದಕ್ಕೆ ಇಳಿಬೇಕು."

"ಅದನ್ನೂ ಕಲೀಬೇಕಾ ಈಗ?"

ಕೊನೆಗೆ ಒಂದು ಬೆರಳಗಲ ಇಳಿಸಿ ರಾಜಿ ಆಯ್ತು. ಮಂಡಿ ನೋಯದ ಮಟ್ಟಿಗೆ ಸರಿ ಇದ್ರೆ ಭಯ ಇಲ್ಲದೆ ನಿಲ್ಲಿಸೋಕೆ ಆಗೋದೂ ಸೆಟಪ್ಪಿನ ಭಾಗಾನೇ, ನನ್ನ ಸೈಕಲ್ಲಾಗಿದ್ರೆ ಇಳಿಸ್ತಿರ್ಲಿಲ್ಲ ಬಿಡಿ.

ಅವತ್ತು ಅತಿ ಹೆಚ್ಚು ಹೊತ್ತು ತಿಂದಿದ್ದು ಮಡ್‌ಗಾರ್ಡ್. ಸೀಟಿನ ಕೆಳಗೆ ಸಿಕ್ಕಿಸೋ ಅಂಗೈಯಷ್ಟು ಪ್ಲಾಸ್ಟಿಕ್ ಅಲ್ಲ, ಚಕ್ರವನ್ನ ಅರ್ಧಕ್ಕರ್ಧ ಸುತ್ತೋ ಪೂರ್ತಿ ಉದ್ದದ್ದು. ಎಲ್ರೂ ಹಿಂದಿನದ್ದಕ್ಕೆ ಮಾತ್ರ ಯೋಚನೆ ಮಾಡ್ತಾರೆ, ಬೆನ್ನ ಮೇಲೆ ಕೆಸರಿನ ಪಟ್ಟೆ ಬೀಳತ್ತಲ್ಲ ಅಂತ, ಆದ್ರೆ ಮುಂದಿನ ಚಕ್ರ ಎರಚೋ ನೀರು ಮಣ್ಣು ಎರಡೂ ನೆಟ್ಟಗೆ ಬರೋದು ಪಾದಕ್ಕೆ, ಆಮೇಲೆ ಚೈನಿಗೆ. ಅದಕ್ಕೇ ಮುಂದಿನದ್ದರ ತುದಿಗೆ ನೆಲಕ್ಕೆ ನಾಲ್ಕು ಬೆರಳು ಉಳಿಯೋಷ್ಟು ಉದ್ದಕ್ಕೆ ರಬ್ಬರ್ ಹಾಳೆ ಕತ್ತರಿಸಿ ಬೋಲ್ಟ್ ಮಾಡಿದೆ, ನೋಡೋಕೆ ಚೆಂದ ಇಲ್ಲ, ಶೂ ಮಾತ್ರ ಒದ್ದೆ ಆಗಲ್ಲ, ಚೈನಿಗೆ ಮರಳೂ ಹೋಗಲ್ಲ. ಟೈರಿಗೂ ಗಾರ್ಡಿಗೂ ಮಧ್ಯ ಸುತ್ತ ಒಂದೇ ಸಮ ಸಂದು ಬರೋ ಹಾಗೆ ಕಡ್ಡಿಗಳನ್ನ ಹೊಂದಿಸೋದು ಪಿತ್ತ ನೆತ್ತಿಗೇರಿಸೋ ಕೆಲಸ, ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಉಜ್ಜತ್ತೆ. ಮುಂದಿನ ಕಡ್ಡಿಗಳ ಬುಡದಲ್ಲಿ ಎಳೆದ್ರೆ ಕಳಚಿಕೊಳ್ಳೋ ಕ್ಲಿಪ್ ಇರೋ ಗಾರ್ಡೇ ಬೇಕು ಅಂತ ಹುಡುಕಿ ತರಿಸಿದ್ದೆ, ಯಾಕಂದ್ರೆ ಒಂದು ಕೋಲೋ ಕಡ್ಡೀನೋ ಟೈರಿಗೂ ಗಾರ್ಡಿಗೂ ಮಧ್ಯ ಸಿಕ್ಕಿ ಮುಂದಿನ ಚಕ್ರ ಗಕ್ಕನೆ ನಿಂತ್ರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳ್ತಾನೆ, ಕ್ಲಿಪ್ ಬಿಟ್ಕೊಂಡ್ರೆ ಚಕ್ರ ಉಳೀತು. ಬೋಲ್ಟಿಗೆಲ್ಲ ನೈಲಾನ್ ಉಂಗುರ ಇರೋ ನಟ್ಟು, ನಡುಕಕ್ಕೆ ಸಡಿಲ ಆಗ್ಬಾರ್ದು ಅಂತ.

ಕ್ಯಾರಿಯರ್ ಬೇಗ ಮುಗೀತು. ಅದರ ಮೇಲೇ 25 ಕೆಜಿ ಅಂತ ಅಚ್ಚು ಹಾಕಿದ್ರು, ಇವಳ ಲ್ಯಾಪ್‌ಟಾಪು ಡಬ್ಬಿ ಎಲ್ಲ ಸೇರಿ ಅದರ ಕಾಲು ಭಾಗ ಆಗಲ್ಲ. ಪಕ್ಕಕ್ಕೆ ನೇತಾಕೋ ಬ್ಯಾಗಿನ ಕೊಕ್ಕೆಗಳನ್ನ ಆದಷ್ಟು ಹಿಂದಕ್ಕೆ ಸರಿಸಿದೆ, ಇಲ್ಲಾಂದ್ರೆ ತುಳಿಯೋವಾಗ ಪ್ರತಿ ಸುತ್ತಿಗೂ ಹಿಮ್ಮಡಿ ಬ್ಯಾಗಿಗೆ ತಾಗತ್ತೆ.

ಗೇರಿನ ವಿಷಯಕ್ಕೆ ಬಂದ್ರೆ ಮುಂದೆ ಪೆಡಲ್ ಹತ್ರ ಮೂರು ಹಲ್ಲುಚಕ್ರ ಇತ್ತು, 42, 32, 22 ಹಲ್ಲಿನವು. ಎಡಗೈ ಶಿಫ್ಟರನ್ನ ಅವಳು ಯಾವತ್ತೂ ಮುಟ್ಟಿದ್ದೇ ಇಲ್ವಂತೆ. ಹಾಗಾದ್ರೆ ಅದ್ಯಾಕೆ ಅಂತ ಮಧ್ಯದ 32 ಒಂದನ್ನ ಬಿಟ್ಟು ಉಳಿದಿದ್ದು ತೆಗೆದೆ, ದೊಡ್ಡದರ ಜಾಗಕ್ಕೆ ಹಲ್ಲೇ ಇಲ್ಲದ ರಿಂಗ್ ಕೂರಿಸಿದೆ, ಪ್ಯಾಂಟ್ ಕಾಲು ಚೈನಿಗೆ ಸಿಗಲ್ಲ, ಪಟ್ಟಿ ಕಟ್ಕೊಳ್ಳೋ ಕೆಲಸ ಅಲ್ಲಿಗೆ ಮುಗೀತು. ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಮುಂದಿನ ಡೀರೇಲರ್ ಹೋಯ್ತಲ್ಲ, ಚೈನ್ ಒಳಗಡೆ ಬೀಳದಿರಲಿ ಅಂತ ಸೀಟ್ ಕೊಳವೆಗೆ ಒಂದು ಚೈನ್ ಕ್ಯಾಚರ್. ಹಿಂದೆ 11ರಿಂದ 28 ಹಲ್ಲು. ಮುಂದಿನ ಹಲ್ಲನ್ನ ಹಿಂದಿನ ಹಲ್ಲಿಂದ ಭಾಗಿಸಿ ಚಕ್ರದ ಇಂಚಿಂದ ಗುಣಿಸಿದ್ರೆ ಗೇರ್ ಎಷ್ಟು ಭಾರ ಅಂತ ಗೊತ್ತಾಗತ್ತೆ, ಹಿಂದೆ 14ರಲ್ಲಿದ್ರೆ 59 ಚಿಲ್ಲರೆ, ನಿಮಿಷಕ್ಕೆ 60 ಸುತ್ತು ತುಳಿದ್ರೆ ಗಂಟೆಗೆ 17 ಕಿಲೋಮೀಟರ್. ಇವಳು ದಿನಾ ಹೋಗೋದು ಹೆಚ್ಚುಕಮ್ಮಿ ಅದೇ ಸ್ಪೀಡು. ಏರಿಗೆ 28 ಹಾಕಿದ್ರೆ ಸುಮಾರು 30ಕ್ಕೆ ಇಳಿಯತ್ತೆ, ಬ್ಯಾಗ್ ಸಮೇತ ಕೂತ್ಕೊಂಡೇ ಹತ್ತಬೋದು.

ಚೈನನ್ನೂ ಸ್ಕೇಲಿಟ್ಟು ಅಳೆದೆ. ಹೊಸಾ ಚೈನಲ್ಲಿ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, 24 ಸಂದಿಗೆ ಸರಿಯಾಗಿ 12 ಇಂಚು ಬರ್ಬೇಕು, ಹದಿನಾರನೇ ಒಂದು ಇಂಚು ಜಾಸ್ತಿ ಬಂದ್ರೆ ಚೈನ್ ಬದಲಾಯಿಸೋ ಹೊತ್ತು, ಎಂಟನೇ ಒಂದು ಬಂದ್ರೆ ಹಿಂದಿನ ಹಲ್ಲುಗಳೂ ಸವೆದಿರತ್ತೆ. ಇವಳದ್ದು ಹದಿನಾರನೇ ಒಂದರ ಹತ್ರ ಬಂದಿತ್ತು, ಹೊಸದು ಹಾಕಿದೆ. ಪೆಡಲ್ಲೂ ಬದಲಾಯ್ತು, ಎಡಗಡೆ ಪೆಡಲಿನ ತಿರುಪಿಗೆ ಉಲ್ಟಾ ಮರೆ (ಥ್ರೆಡ್) ಇರತ್ತೆ ಅನ್ನೋದೊಂದು ನೆನಪಿದ್ರೆ ಆ ಕೆಲಸ ಐದು ನಿಮಿಷ.

ಲೈಟು ಅಂದ್ರೆ ನಂಗೆ ಮೊದಲಿಂದಲೂ ಪ್ರೀತಿ, ಅದಕ್ಕೇ ಕೊನೆಗಿಟ್ಕೊಂಡಿದ್ದೆ. ಯುಎಸ್‌ಬಿ ಲೈಟ್ ಒಳ್ಳೇದೇ, ಆದ್ರೆ ಚಾರ್ಜ್ ಮಾಡೋದು, ನಿಲ್ಲಿಸಿದಾಗ ಬಿಚ್ಕೊಂಡು ಹೋಗೋದು, ಎಲ್ಲೋ ಇಟ್ಟು ಮರೆಯೋದು, ಎಲ್ಲಾ ಅವಳ ದೂರಿನ ಪಟ್ಟೀಲೇ ಇತ್ತು. ಮುಂದಿನ ಚಕ್ರಾನೇ ಬದಲಾಯಿಸಿ ಹಬ್ ಡೈನಮೋ ಇರೋದು ಹಾಕಿದೆ. ಹಳೇ ಕಾಲದಲ್ಲಿ ಟೈರಿಗೆ ಉಜ್ಜಿಕೊಂಡು ಕಿರ್ ಅನ್ನೋದಲ್ಲ, ಚಕ್ರದ ನಡುವಲ್ಲೇ ಅಯಸ್ಕಾಂತ ಕೂತಿರತ್ತೆ, 6 ವೋಲ್ಟು 3 ವ್ಯಾಟು, ಈಗಿನ ಎಲ್‌ಇಡಿಗೆ ಅಷ್ಟು ಧಾರಾಳ ಸಾಕು. ಲೈಟ್ ಹಾಕಿದಾಗ ಸ್ವಲ್ಪ ಎಳೆಯತ್ತೆ, ತುಳಿಯೋರಿಗೆ ಗೊತ್ತಾಗೋದು ಕಷ್ಟ. ಲೈಟೊಳಗೆ ಸ್ವಲ್ಪ ವಿದ್ಯುತ್ ಕೂಡಿಟ್ಕೊಳ್ಳೋ ಕೆಪಾಸಿಟರ್ ಇರೋದ್ರಿಂದ ಸಿಗ್ನಲಲ್ಲಿ ನಿಂತಾಗಲೂ ಸ್ವಲ್ಪ ಹೊತ್ತು ಉರೀತಾ ಇರತ್ತೆ, ಇದು ಇಲ್ಲದ್ದನ್ನ ತಗೋಬೇಡಿ. ಮುಂದಿನ ಲೈಟು ಬೆಳಕಿನ ಮೇಲಂಚು ಕತ್ತರಿಸಿದ ಹಾಗಿರೋ ಜಾತೀದು, ರಸ್ತೆ ಮೇಲೆ ಬೀಳತ್ತೆ, ಎದುರು ಬರೋರ ಕಣ್ಣಿಗೆ ಹೊಡಿಯಲ್ಲ. ಹಿಂದಿನದ್ದರ ವೈರನ್ನ ಮಡ್‌ಗಾರ್ಡ್ ಒಳಗಿನಿಂದ ಎಳೆದು ಕ್ಯಾರಿಯರ್ ತುದಿಗೆ ತಂದೆ. ಎರಡೂ ಬೋಲ್ಟ್ ಹಾಕಿ ಬಿಗಿದಿರೋದ್ರಿಂದ ಬಿಚ್ಚೋ ಮಾತೇ ಇಲ್ಲ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ಲೈಟ್ ಹತ್ತಿದ್ದು ನೋಡಿ ಇವಳು "ಇದಕ್ಕೆ ಚಾರ್ಜೇ ಬೇಡ್ವಾ, ಮೊದಲೇ ಯಾಕೆ ಹೇಳ್ಲಿಲ್ಲ ನೀನು" ಅಂತ ನನ್ನ ಮೇಲೇ ರೇಗಿದ್ಳು.

ಸ್ವಲ್ಪ ದಿನ ಓಡಿಸಿದ್ಮೇಲೆ ಹೊಸಾ ಕೇಬಲ್ ಕುಳಿತು ಗೇರ್ ಕಟಕಟ ಅಂತಿದೆ ಅಂತ ಫೋನ್ ಬಂತು, ಹಿಂದಿನ ಡೀರೇಲರ್ ಹತ್ರ ಇರೋ ತಿರುಪನ್ನ ಅರ್ಧ ಸುತ್ತು ಬಿಚ್ಚೋ ದಿಕ್ಕಿಗೆ ತಿರುಗಿಸು ಅಂದೆ, ಅವಳೇ ಮಾಡ್ಕೊಂಡ್ಳು. ಈಗ ಉಳಿದಿರೋ ಜಗಳ ಸ್ಟ್ಯಾಂಡಿನದ್ದು. ಒಂದೇ ಪಕ್ಕಕ್ಕೆ ಬ್ಯಾಗ್ ತುಂಬಿ ನೇತಾಕಿದ್ರೆ ಒಂಟಿ ಕಾಲಿನ ಸ್ಟ್ಯಾಂಡಲ್ಲಿ ಸೈಕಲ್ ವಾಲಿ ಬೀಳತ್ತೆ, ಅವಳಿಗೆ ಎರಡು ಕಾಲಿಂದು ಬೇಕಂತೆ. ಅದನ್ನ ಹಿಂದಿನ ಕೊಳವೆಗಳ ಮಧ್ಯ ಪ್ಲೇಟ್ ಕೊಟ್ಟು ಬಿಗೀಬೇಕು, ಜಾಸ್ತಿ ಬಿಗಿದ್ರೆ ಕೊಳವೆ ಚಪ್ಪಟೆ ಆಗತ್ತೆ, ಕಡಿಮೆ ಬಿಗಿದ್ರೆ ಸ್ಟ್ಯಾಂಡೇ ತಿರುಗತ್ತೆ. ಬೇಡ ಕಣೇ, ಬ್ಯಾಗ್ ತೆಗೆದು ನಿಲ್ಲಿಸು ಅಂದ್ರೆ "ಅದೂ ಒಂದು ಕೆಲಸ ಅಲ್ವಾ?" ಅಂತಾಳೆ. ಪ್ಲೇಟಿನ ಅಳತೆ ನೋಡ್ತಾ ಇದೀನಿ.